ಮಾವನವರು ಬಳಕೆಯಲ್ಲಿಲ್ಲ

ರೇಣುಕಾಪ್ರಸಾದನಿಗೆ ಜನರ ಮುಖ ನೆನಪಿರುತ್ತಿತ್ತು, ಹೆಸರುಗಳೂ ನೆನಪಿರುತ್ತಿದ್ದವು. ಯಾವ ಮುಖಕ್ಕೆ ಯಾವ ಹೆಸರು ಎಂಬುದೊಂದು ಮಾತ್ರ ನೆನಪಿರುತ್ತಿರಲಿಲ್ಲ. ಬ್ರಹ್ಮಚಾರಿಯಾಗಿದ್ದಷ್ಟು ದಿನ ಇದರಿಂದ ಲೋಕಕ್ಕಾಗಲಿ ಅವನಿಗಾಗಲಿ ತೊಂದರೆಯಾಗಲಿಲ್ಲ. ಎರಡು ಸಾವಿರನೇ ಇಸವಿಯಲ್ಲಿ ಭದ್ರಾವತಿಯ ಕಾಗದನಗರದ ಸೌಂದರ್ಯಳನ್ನು ಮದುವೆಯಾದ ಮೇಲೆ ತೊಂದರೆ ಶುರುವಾಯಿತು. ಅವಳ ಕಡೆಯ ನೆಂಟರು ಕುಂಸಿಯಿಂದ ತರೀಕೆರೆಯವರೆಗೆ ಹರಡಿಕೊಂಡಿದ್ದರು. ಮದುವೆಯ ದಿನವೇ ಅವನು ಅವಳ ಚಿಕ್ಕಪ್ಪ ಶಿವಯೋಗಪ್ಪನವರನ್ನು ವಿಡಿಯೊದವನೆಂದು ತಿಳಿದು, ಲೈಟು ಸ್ವಲ್ಪ ಎತ್ತರಕ್ಕೆ ಹಿಡಿಯಿರಿ ಎಂದಿದ್ದ. ಶಿವಯೋಗಪ್ಪನವರು ಒಳ್ಳೆಯವರು, ಹಿಡಿದರು. ಆದರೆ ಮರೆಯಲಿಲ್ಲ.

ಮೊದಲ ಹಬ್ಬಕ್ಕೆ ಹೋದಾಗ ಕುಂಸಿಯ ಹಾಲಮ್ಮನವರನ್ನು, ಅಂದರೆ ಮಾವನ ಸ್ವಂತ ಅಕ್ಕನನ್ನು, 'ನೀವು ಪಕ್ಕದ ಮನೆಯವರಾ?' ಎಂದು ಕೇಳಿದ. ಅವರು ಆ ಹೊತ್ತು ಹೋಳಿಗೆ ಬಡಿಸುತ್ತಿದ್ದವರು ಇವನ ಎಲೆಯನ್ನು ದಾಟಿ ಮುಂದೆ ಹೋದರು. ಊರಿಗೆ ವಾಪಸು ಬಂದ ಮೇಲೆ ಸೌಂದರ್ಯ ನೋಟುಪುಸ್ತಕದ ಎರಡು ಹಾಳೆ ತುಂಬ ನೆಂಟರ ಹೆಸರು ಬರೆದು, ದಿನಾ ಓದಿಕೊಳ್ಳಬೇಕೆಂದು ಗಂಡನ ಕೈಗೆ ಕೊಟ್ಟಳು. ಮೂವತ್ತು ತುಂಬಲು ಬಂದ ಗಂಡಸು ಹೆಂಡತಿಯ ಎದುರು ಮಗ್ಗಿ ಒಪ್ಪಿಸುವಂತೆ ನೆಂಟರನ್ನು ಒಪ್ಪಿಸುವುದು ಕಷ್ಟ. ರೇಣುಕಾಪ್ರಸಾದ್ ಅದಕ್ಕೊಂದು ಉಪಾಯ ಹುಡುಕಿದ. ಜಗತ್ತಿನ ದೊಡ್ಡ ಅನಾಹುತಗಳೆಲ್ಲ ಹೀಗೆ ಸದುದ್ದೇಶದಿಂದಲೇ ಹುಟ್ಟಿದಂಥವು.

ಅವನ ಕೆಲಸ ಮಲವಗೊಪ್ಪದಲ್ಲಿ, ಭದ್ರಾವತಿ ರಸ್ತೆಯ ಪಕ್ಕದ ಒಂದು ಲೇತ್ ವರ್ಕ್‌ಶಾಪಿನ ಹಿಂದೆ. ಅಲ್ಲಿ ಕೊಟ್ರಬಸಪ್ಪ ಎಂಬುವರು ಎರಡು ಕೋಣೆ ಹಿಡಿದು, ಕೆಂಪು ದೀಪದ ಅಕ್ಷರಗಳು ಬಲದಿಂದ ಎಡಕ್ಕೆ ಓಡುವ ಬೋರ್ಡುಗಳನ್ನು ಮಾಡಿಸುತ್ತಿದ್ದರು. ಬೋರ್ಡಿನ ಒಳಗೆ ಬೆರಳಿನಷ್ಟು ಉದ್ದದ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಆ ಚಿಪ್ಪಿಗೆ ಯಾವ ದೀಪ ಯಾವಾಗ ಹತ್ತಬೇಕೆಂದು ಸಿ ಭಾಷೆಯಲ್ಲಿ ಬುದ್ಧಿ ಹೇಳುವವನು ರೇಣುಕಾಪ್ರಸಾದ್. ಇಂಥ ಪ್ರೋಗ್ರಾಮಿನಲ್ಲಿ ಲೆಕ್ಕ ಇಟ್ಟುಕೊಳ್ಳಲು ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ. ಬಲ್ಲವರು ಅವಕ್ಕೆ ವೇರಿಯಬಲ್ ಅನ್ನುತ್ತಾರೆ. ಪ್ರತಿ ಡಬ್ಬಿಗೂ ಒಂದು ಹೆಸರಿಡಬೇಕು. ಏನಿಟ್ಟರೂ ಯಂತ್ರಕ್ಕೆ ಬೇಸರವಿಲ್ಲ. ರೇಣುಕಾಪ್ರಸಾದ್ ಸೌಂದರ್ಯ ಕೊಟ್ಟ ಪಟ್ಟಿಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟುಕೊಂಡು ಡಬ್ಬಿಗೊಬ್ಬ ನೆಂಟರಂತೆ ಹೆಸರಿಟ್ಟುಬಿಟ್ಟ. ಸಾಲು ಎಣಿಸುವ ಡಬ್ಬಿಗೆ ಮಾವ ಮುರುಗೇಶಪ್ಪ. ಅಕ್ಷರ ತುಂಬಿಡುವ ದೊಡ್ಡ ಡಬ್ಬಿಗೆ ಹಾಲಮ್ಮ. ವೇಗ ನೋಡುವುದಕ್ಕೆ ಶಿವಯೋಗಪ್ಪ, ಗಡಿಯಾರಕ್ಕೆ ಅತ್ತೆ ದಾಕ್ಷಾಯಣಮ್ಮ. ದಿನಕ್ಕೆ ನೂರು ಸಲ ಬೆರಳು ಅದನ್ನೇ ಒತ್ತಿದರೆ ಮರೆಯುವುದು ಹೇಗೆ? ಉಪಾಯ ಫಲಿಸಿತು. ಯುಗಾದಿಗೆ ಹೋದಾಗ ಅವನು ಒಬ್ಬರನ್ನೂ ತಪ್ಪಿ ಕರೆಯಲಿಲ್ಲ. ಹಾಲಮ್ಮನವರು ಅವನ ಎಲೆಗೆ ಎರಡು ಹೋಳಿಗೆ ಹಾಕಿದರು.

ಪ್ರೋಗ್ರಾಮು ಬೆಳೆಯುತ್ತ ಹೋದಂತೆ ಅವನು ಅಲ್ಲಲ್ಲಿ ತಿದ್ದಿದ. ತಿದ್ದಿದಾಗ ಕೆಲವು ಡಬ್ಬಿಗಳಿಗೆ ಕೆಲಸವಿಲ್ಲದಂತಾಯಿತು. ಅವನ್ನು ಅಳಿಸಬೇಕಿತ್ತು, ಅಳಿಸಲಿಲ್ಲ. ಇರಲಿ ಬಿಡು ಎಂದುಕೊಂಡ. ಇದೇ ಅವನ ಸ್ವಭಾವ.

ಎರಡು ಸಾವಿರದ ಒಂದನೇ ಇಸವಿಯ ಬೇಸಗೆಯಲ್ಲಿ ಮುರುಗೇಶಪ್ಪನವರೇ ಅಳಿಯನಿಗೆ ಒಂದು ಕೆಲಸ ತಂದರು. ಅವರು ಕಾಗದನಗರದ ಕಾಗದ ಕಾರ್ಖಾನೆಯ ಬಾಯ್ಲರಿನಲ್ಲಿ ಮೂವತ್ತಾರು ವರ್ಷ ದುಡಿದವರು, ಮಾತು ಕಡಿಮೆ, ಮುಳ್ಳು ಓಡುವ ಮೀಟರು ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಕಾಗದನಗರದ ಸಮುದಾಯ ಭವನಕ್ಕೆ ಓಡುವ ಅಕ್ಷರದ ಬೋರ್ಡು ಬೇಕೆಂದು ಕೇಳಿ, ಭವನದ ಮೇಲ್ವಿಚಾರಣೆ ನೋಡುತ್ತಿದ್ದ ವೆಂಕಟಾಚಲ ಎಂಬ ಅಧಿಕಾರಿಯ ಹತ್ತಿರ ಅಳಿಯನನ್ನು ಕರೆದುಕೊಂಡು ಹೋದರು. ಜೂನ್ ಮೂವತ್ತಕ್ಕೆ ಮುರುಗೇಶಪ್ಪನವರದೇ ನಿವೃತ್ತಿ. ಮಾರನೆಯ ದಿನ ಭಾನುವಾರ ಅದೇ ಭವನದಲ್ಲಿ ಬೀಳ್ಕೊಡುಗೆ. ಅಳಿಯ ಮಾಡಿದ ಬೋರ್ಡಿನಲ್ಲಿ ತಮ್ಮ ಹೆಸರು ಮೊದಲು ಓಡಲಿ ಎಂಬ ಆಸೆ ಅವರಿಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದಿದ್ದರು, ಅಷ್ಟೇ.

ವೆಂಕಟಾಚಲರು ಬರವಣಿಗೆಯಲ್ಲಿಲ್ಲದ್ದನ್ನು ನಂಬದ ಮನುಷ್ಯ. ಬೋರ್ಡು ಸರಿಯಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಒಂದು ವರ್ಷ ರಿಪೇರಿ ನಮ್ಮದೇ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪಕ್ಕದ ಕುರ್ಚಿಯಲ್ಲಿ ಮಾವನವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅದನ್ನು ಕಂಡು ರೇಣುಕಾಪ್ರಸಾದನಿಗೆ ಬೇಕಾದ್ದಕ್ಕಿಂತ ಹೆಚ್ಚು ಮಾತು ಬಂತು.

"ನಾನು ಬರೆದ ಪ್ರೋಗ್ರಾಮಿಗೆ ಕಂಪೈಲರ್ ಒಂದೇ ಒಂದು ವಾರ್ನಿಂಗ್ ಕೊಡಲ್ಲ ಸಾರ್" ಎಂದ.

ಕಂಪೈಲರ್ ಎಂದರೇನೆಂದು ಆ ಕೋಣೆಯಲ್ಲಿ ಉಳಿದಿಬ್ಬರಿಗೂ ಗೊತ್ತಿರಲಿಲ್ಲ. ವೆಂಕಟಾಚಲರು ಹಾಗಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದರು. ಮುರುಗೇಶಪ್ಪನವರಿಗೆ ಮಾತ್ರ ವಾರ್ನಿಂಗ್ ಎಂಬುದು ತಾಗಿತು. ಮೆಟ್ಟಿಲಿಳಿಯುವಾಗ ನಿಂತರು.

"ಮೂವತ್ತಾರು ವರ್ಷದಲ್ಲಿ ನನ್ ಬಾಯ್ಲರು ಹನ್ನೊಂದು ಸಲ ವಾರ್ನಿಂಗ್ ಕೊಟ್ಟಿದೆ ಅಳಿಯಂದ್ರೇ. ನೀವು ಒಂದೂ ಇಲ್ದಂಗೆ ಮಾಡ್ತೀರಿ. ದೊಡ್ಡ ವಿದ್ಯೆ ಅದು."

ಇಷ್ಟು ಉದ್ದದ ಮಾತನ್ನು ಅವರು ಅಳಿಯನ ಜೊತೆ ಅದುವರೆಗೆ ಆಡಿರಲಿಲ್ಲ. ರೇಣುಕಾಪ್ರಸಾದ್ ತಲೆ ತಗ್ಗಿಸಿ, ಅಂಥದ್ದೇನಿಲ್ಲ ಮಾವ ಎಂದ. ಆ ಮಾತು ಅಕ್ಷರಶಃ ನಿಜವಾಗಿತ್ತು. ಕಂಪೈಲರ್ ಎಂಬುದು ಬರೆದ ಪ್ರೋಗ್ರಾಮನ್ನು ಓದಿ ಚಿಪ್ಪಿಗೆ ತಿಳಿಯುವಂತೆ ಮಾಡಿಕೊಡುವ ಸಾಧನ. ಓದುವಾಗ ಅನುಮಾನ ಬಂದ ಕಡೆಯೆಲ್ಲ ಎಚ್ಚರಿಕೆ ಹೇಳುತ್ತದೆ. ಅವನು ಆ ಎಚ್ಚರಿಕೆಗಳನ್ನು ಎಣಿಸುವುದಿರಲಿ, ಒಂದು ದಿನವೂ ನಿಂತು ಓದಿರಲಿಲ್ಲ.

ಓದಿದ್ದು ಜೂನ್ ಇಪ್ಪತ್ತೊಂಬತ್ತರ ಶುಕ್ರವಾರ ಮಧ್ಯಾಹ್ನ, ಪತ್ರ ಬರೆಯಲು ಕೂತಾಗ.

ಇಲ್ಲೊಂದು ಸಂಗತಿ ಹೇಳಬೇಕು. ಪ್ರೋಗ್ರಾಮು ನೆಟ್ಟಗೆ ನಡೆಯುತ್ತಿದೆಯೇ ಎಂದು ತಿಳಿಯಲು ಅವನು ಅಲ್ಲಲ್ಲಿ ಒಂದೊಂದು ಸಾಲು ಬರೆದಿದ್ದ. ಯಾವ ಡಬ್ಬಿಯಲ್ಲಿ ಈಗ ಏನಿದೆ ಎಂದು ಕೇಬಲ್ ಮೂಲಕ ಕಂಪ್ಯೂಟರಿಗೆ ವರದಿ ಒಪ್ಪಿಸುವ ಸಾಲುಗಳು. ಅವಕ್ಕೆ ಡೀಬಗ್ ಎಂದು ಹೆಸರು. ಅಷ್ಟೂ ಸಾಲುಗಳಿಗೆ ಸೇರಿ ಒಂದೇ ಸ್ವಿಚ್ಚು, ಮ್ಯಾಕ್ರೊ ಎಂಬುದು. ಅದನ್ನು ಹಾಕಿದರೆ ಎಲ್ಲ ಸಾಲೂ ಮಾತಾಡುತ್ತವೆ. ತೆಗೆದರೆ ಅವು ಪ್ರೋಗ್ರಾಮಿನಲ್ಲಿ ಇರಲೇ ಇಲ್ಲ ಎಂಬಂತೆ ಮಾಯ. ಗಿರಾಕಿಗೆ ಕೊಡುವಾಗ ತೆಗೆದು ಕೊಡುವುದು ಧರ್ಮ. ಅವನು ತೆಗೆದ. ಕಂಪೈಲರ್ ಇಪ್ಪತ್ತೇಳು ಎಚ್ಚರಿಕೆ ಕೊಟ್ಟಿತು. ಕೆಲವು ಡಬ್ಬಿಗಳು ಬರೀ ವರದಿ ಒಪ್ಪಿಸುವುದಕ್ಕೇ ಇದ್ದವು. ವರದಿಯೇ ಇಲ್ಲವೆಂದ ಮೇಲೆ ಅವಕ್ಕೆ ಕೆಲಸವಿಲ್ಲ. ಉಳಿದವಕ್ಕೆ ಮೊದಲಿಂದಲೂ ಕೆಲಸವಿರಲಿಲ್ಲ. ಇಂಥವರನ್ನು ಕರೆದು ಕೂರಿಸಿದ್ದೀಯ, ಬಳಸಿಲ್ಲ, ಎಂದು ಕಂಪೈಲರ್ ಒಬ್ಬೊಬ್ಬ ನೆಂಟರ ಹೆಸರನ್ನೂ ಹಿಡಿದು ಹೇಳಿತು. ಪಟ್ಟಿಯ ತಲೆಯಲ್ಲಿ ಮುರುಗೇಶಪ್ಪ.

ಬೇಡದ ಡಬ್ಬಿಗಳನ್ನು ಒಂದೊಂದಾಗಿ ಹುಡುಕಿ ತೆಗೆಯುವುದು ಎರಡು ದಿನದ ಕೆಲಸ. ಸಂಜೆ ಐದಕ್ಕೆ ಕೊಟ್ರಬಸಪ್ಪ ಬೋರ್ಡನ್ನು ವ್ಯಾನಿಗೆ ಹಾಕಿಸುವವರಿದ್ದರು. ಅವರನ್ನು ಎರಡು ದಿನ ಕೇಳಬಹುದಿತ್ತು. ಆದರೆ ಏಕೆಂದು ಹೇಳಬೇಕಾಗುತ್ತಿತ್ತು. ರೇಣುಕಾಪ್ರಸಾದ್ ಸ್ವಿಚ್ಚನ್ನು ಮತ್ತೆ ಹಾಕಿದ. ಎಚ್ಚರಿಕೆ ಹದಿನಾಲ್ಕಕ್ಕೆ ಇಳಿಯಿತು. ಉಳಿದ ಹದಿನಾಲ್ಕು ಅಬ್ಬೇಪಾರಿಗಳಿಗೆ ಇನ್ನೊಂದು ಪುಟ್ಟ ಮ್ಯಾಕ್ರೊ ಬರೆದ: ಕೆಲಸವಿಲ್ಲದವರು ಸುಮ್ಮನೆ ಕೂರುವ ಬದಲು ಸುತ್ತಿಗೊಮ್ಮೆ ತಮ್ಮ ಹೆಸರು ಹೇಳಿ, ಅದರ ಮುಂದೆ 'ನಾಟ್ ಯೂಸ್ಡ್' ಎಂದು ಸೇರಿಸಿ ಕೇಬಲ್ಲಿಗೆ ಬಿಡಲಿ. ಹೆಸರು ಹೇಳುವುದೂ ಒಂದು ಕೆಲಸವೇ ತಾನೆ. ಕಂಪೈಲರ್ ಅಷ್ಟಕ್ಕೇ ಸಮಾಧಾನಗೊಂಡು ಎಚ್ಚರಿಕೆ ಸೊನ್ನೆ ಎಂದಿತು. ಬೋರ್ಡಿನ ಬೆನ್ನಿನ ಆ ಕೇಬಲ್ ಸಾಕೆಟ್ಟಿಗೆ ಕಾಗದನಗರದಲ್ಲಿ ಯಾರು ಏನು ಸಿಕ್ಕಿಸುತ್ತಾರೆ? ಅವನು ಪತ್ರ ಟೈಪು ಮಾಡಿ, ಕೆಳಗೆ ಸಹಿ ಹಾಕಿ, ಸಹಿಯ ಅಡಿಗೆ ಒಂದು ಗೆರೆಯನ್ನೂ ಎಳೆದ.

ಭಾನುವಾರ ಸಮುದಾಯ ಭವನ ತುಂಬಿತ್ತು. ಮುರುಗೇಶಪ್ಪನವರು ರೇಷ್ಮೆ ಶಾಲು ಹೊದ್ದು, ಗಂಧದ ಹಾರ ಹಾಕಿಕೊಂಡು ವೇದಿಕೆಯ ಮೇಲೆ ಕೂತಿದ್ದರು. ಅವರ ತಲೆಯ ಮೇಲೆ ಬೋರ್ಡಿನಲ್ಲಿ ಅಭಿನಂದನೆ ಓಡುತ್ತಿತ್ತು. ಕನ್ನಡದ ಒತ್ತಕ್ಷರ ಇನ್ನೂ ರೇಣುಕಾಪ್ರಸಾದನ ಕೈಗೆ ಹತ್ತಿರಲಿಲ್ಲವಾದ್ದರಿಂದ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ. ಆದರೂ ಚೆನ್ನಾಗಿ ಓಡುತ್ತಿತ್ತು. ಮಾವನವರು ಎರಡು ಸಲ ಕತ್ತು ತಿರುಗಿಸಿ ಮೇಲೆ ನೋಡಿದ್ದನ್ನು ಅಳಿಯ ಮುಂದಿನ ಸಾಲಿನಿಂದ ಕಂಡ. ಸೌಂದರ್ಯಳೂ ಕಂಡಳು, ಗಂಡನ ಮೊಣಕೈಯನ್ನು ಮೆಲ್ಲಗೆ ಒತ್ತಿದಳು.

ಅಷ್ಟರಲ್ಲಿ ಕೊಟ್ರಬಸಪ್ಪ ವ್ಯಾನಿನಲ್ಲಿ ಎರಡನೆಯ ಬೋರ್ಡೊಂದನ್ನು ತಂದಿಳಿಸಿದರು. ಗಿರಾಕಿಗೆ ನಮ್ಮ ಕಡೆಯಿಂದ ಇರಲಿ, ಊಟದ ಹಾಲಿನ ಬಾಗಿಲ ಮೇಲೆ ತೂಗಿದರೆ ಒಳಗಿನದೇ ಹೊರಗೂ ಕಾಣುತ್ತದೆ ಎಂಬುದು ಅವರ ಎಣಿಕೆ. ಹಳೆಯ ಬೋರ್ಡುಗಳಲ್ಲಿ ಹಾಗೇ ಆಗುತ್ತಿತ್ತು: ಮೊದಲನೆಯದರ ಬೆನ್ನಿನ ಸಾಕೆಟ್ಟಿಗೆ ಕೇಬಲ್ ಹಾಕಿ ಎರಡನೆಯದಕ್ಕೆ ಕೊಟ್ಟರೆ, ಅಲ್ಲಿಂದ ಬಂದದ್ದನ್ನೆಲ್ಲ ಎರಡನೆಯದು ತೋರಿಸುತ್ತಿತ್ತು. ರೇಣುಕಾಪ್ರಸಾದ್ ಏಳಲು ಹೋದ. ಅವರು ಬಿಡಲಿಲ್ಲ.

"ನೀನು ಇವತ್ತು ಕೆಲಸದವನಲ್ಲ ಮಾರಾಯ, ಅಳಿಯ. ಕೂತ್ಕೋ" ಎಂದು ಭುಜ ಅದುಮಿ, ಕೇಬಲ್ಲನ್ನು ತಾವೇ ಎಳೆದುಕೊಂಡು ಹೊರಗೆ ಹೋದರು. ಯಾವ ಸಾಕೆಟ್ಟಿಗೆ ಹಾಕಿದರೆಂದು ಅವನು ನೋಡಲಿಲ್ಲ. ಭಾಷಣದಲ್ಲಿ ಆಗ ತಾನೇ ಅವನ ಹೆಸರು ಬಂದಿತ್ತು.

ಸ್ವಲ್ಪ ಹೊತ್ತಿಗೆ ಹಿಂದಿನ ಸಾಲುಗಳಿಂದ ಜನ ಎದ್ದು ಹೊರಗೆ ಹೋಗತೊಡಗಿದರು. ಹೋದವರು ಊಟಕ್ಕೆ ಕೂರಲಿಲ್ಲ, ಬಾಗಿಲಲ್ಲೇ ನಿಂತರು. ನಗು ಕೇಳಿಸಿತು. ಒಬ್ಬಾತ ವಾಪಸು ಬಂದು ರೇಣುಕಾಪ್ರಸಾದನ ಕಿವಿಯಲ್ಲಿ, ಹೊರಗಿನ ಬೋರ್ಡು ಒಳಗಿನದಕ್ಕಿಂತ ಚೆನ್ನಾಗಿ ಬರ್ತಿದೆ, ನೀವೇ ಬರೆದಿದ್ದಾ ಎಂದು ಕೇಳಿದ. ಎಲ್ಲ ನಾನೇ ಬರೆದದ್ದು ಎಂದು ಇವನು ವಿನಯದಿಂದ ಒಪ್ಪಿಕೊಂಡ. ಇನ್ನಿಬ್ಬರು ಬಂದು ಅದನ್ನೇ ಕೇಳಿದರು, ಅವರಿಗೂ ಒಪ್ಪಿಕೊಂಡ. ಹೀಗೆ ಏಳೆಂಟು ಜನ ಸಾಕ್ಷಿಗಳ ಮುಂದೆ ತಪ್ಪೊಪ್ಪಿಗೆ ಮುಗಿಸಿದ ಮೇಲೆ, ನೋಡಿಯೇ ಬರೋಣವೆಂದು ಎದ್ದು ಹೊರಗೆ ಬಂದ.

ಊಟದ ಹಾಲಿನ ಬಾಗಿಲ ಮೇಲೆ, ಆಳುದ್ದದ ಬೋರ್ಡಿನಲ್ಲಿ, ಗೇಣುದ್ದದ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ನಿಧಾನವಾಗಿ ನಡೆದುಹೋಗುತ್ತಿದ್ದವು.

'ಮುರುಗೇಶಪ್ಪ ನಾಟ್ ಯೂಸ್ಡ್.' ಅದು ಎಡಗಡೆ ಮರೆಯಾಗುತ್ತಲೇ 'ಶಿವಯೋಗಪ್ಪ ನಾಟ್ ಯೂಸ್ಡ್.' ಆಮೇಲೆ ತರೀಕೆರೆಯ ಇಬ್ಬರು ಸೋದರಮಾವಂದಿರು, ಅವರೂ ನಾಟ್ ಯೂಸ್ಡ್. ನಡುವೆ 'ಹಾಲಮ್ಮ ಫುಲ್.' ತುಸು ಬಿಟ್ಟು, ಇನ್ನೂ ಸ್ಪಷ್ಟವಾಗಿ, 'ಹಾಲಮ್ಮ ಓವರ್‌ಫ್ಲೋ.' ಹಾಲಮ್ಮನವರು ದಪ್ಪಗಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ನಿಂತು ಓದಿ ಅರ್ಥ ಹೇಳುವ ಪುಣ್ಯಾತ್ಮರು ಬೇಕಾದಷ್ಟಿದ್ದರು.

ರೇಣುಕಾಪ್ರಸಾದನಿಗೆ ಕಿವಿಯ ತುದಿ ಮೊದಲು ಬಿಸಿಯಾಯಿತು, ಆಮೇಲೆ ಕತ್ತು, ಆಮೇಲೆ ಅಂಗಾಲು. ನಿಂತ ನೆಲ ಅಲ್ಲೇ ಬಾಯಿಬಿಟ್ಟಿದ್ದರೆ ಅವನು ಮರುಮಾತಿಲ್ಲದೆ ಒಳಗಿಳಿಯುತ್ತಿದ್ದ.

ನಕ್ಕವರು ನಗುತ್ತಿದ್ದರು; ನಗದವರ ಸಂಗತಿ ಬೇರೆಯಾಗಿತ್ತು. ಶಿವಯೋಗಪ್ಪನವರೂ ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದರು, ಇನ್ನೂ ಆರು ವರ್ಷ ಸರ್ವಿಸಿತ್ತು. ಅಣ್ಣನ ಹೆಸರಿನ ಹಿಂದೆಯೇ ತಮ್ಮ ಹೆಸರು ಬಂದದ್ದನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಕಾರ್ಖಾನೆಗೆ ಬೇಡದವರ ಪಟ್ಟಿ ಅಂತೂ ಹೊರಬಿತ್ತು ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಅವರ ಪಕ್ಕದವರಿಗೆ ಹೇಳಿದರು. ಯೂನಿಯನ್ನಿನ ನಾಲ್ಕು ಜನ ಬೋರ್ಡಿನ ಕೆಳಗೆ ಕೈ ಕಟ್ಟಿ ನಿಂತು, ತಮ್ಮ ಹೆಸರೂ ಬರಬಹುದೆಂದು ಕಾದರು. ಒಬ್ಬ ಜೇಬಿನಿಂದ ಪೆನ್ನು ತೆಗೆದು ಎಲ್ಲವನ್ನೂ ಬರೆದುಕೊಳ್ಳತೊಡಗಿದ. ಸುದ್ದಿ ವೆಂಕಟಾಚಲರನ್ನು ಮುಟ್ಟಿತು. ಅಂಥ ಪಟ್ಟಿ ಎಲ್ಲೂ ಇಲ್ಲವೆಂದು ಅವರು ಆಣೆ ಮಾಡಿದರು. ಇರಲಿಲ್ಲ ಕೂಡ. ಆದರೆ ಬೋರ್ಡಿನ ಕಾಗದಕ್ಕೆ ಸಹಿ ಹಾಕಿದವರು ತಾವೇ ಎಂಬುದು ನೆನಪಾಗಿ, ತಡ ಮಾಡಬಾರದೆಂದು ಸೀದಾ ವೇದಿಕೆ ಹತ್ತಿ, ಭಾಷಣ ಮಾಡುತ್ತಿದ್ದವರ ಕೈಯಿಂದ ಮೈಕು ತೆಗೆದುಕೊಂಡರು.

"ಮುರುಗೇಶಪ್ಪನವರು ಬಳಕೆಯಲ್ಲಿಲ್ಲ ಅನ್ನೋದು ಆಡಳಿತದ ಅಭಿಪ್ರಾಯ ಅಲ್ಲ" ಎಂದು ಘೋಷಿಸಿದರು. "ಹಾಲಮ್ಮನವರ ಬಗ್ಗೆಯೂ ಆಡಳಿತಕ್ಕೆ ಯಾವ ಅಭಿಪ್ರಾಯವೂ ಇಲ್ಲ."

ಅಲ್ಲಿಯವರೆಗೆ ಏನೂ ತಿಳಿಯದೆ ಒಳಗೆ ಕೂತಿದ್ದ ಮುನ್ನೂರು ಜನರಿಗೆ ಸಂಗತಿ ತಿಳಿದದ್ದು ಹೀಗೆ. ಮುರುಗೇಶಪ್ಪನವರಿಗೆ ತಿಳಿದದ್ದೂ ಹೀಗೆಯೇ, ಕೊರಳಲ್ಲಿ ಹಾರ ಇರುವಾಗ.

ಹೊರಗಿದ್ದ ರೇಣುಕಾಪ್ರಸಾದ್ ಮೈಕಿನ ಮಾತು ಕೇಳಿ ಓಡಿಬಂದು, ವೇದಿಕೆಯ ಪಕ್ಕ ಕೈಗೆ ಸಿಕ್ಕ ಪ್ಲಗ್ಗನ್ನು ಕಿತ್ತ. ಅದು ಮೈಕಿನದು. ವೆಂಕಟಾಚಲರ ತುಟಿ ಆಡುತ್ತಲೇ ಇತ್ತು, ಧ್ವನಿ ನಿಂತಿತು. ಇನ್ನೊಂದನ್ನು ಕಿತ್ತ. ಒಳಗಿನ ಬೋರ್ಡು ಆರಿತು. ಅದರಿಂದ ಏನೂ ಬರದೆ ಹೊರಗಿನದೂ ನಿಂತಿತು. ಸದ್ಯ ಎಂದುಕೊಂಡ. ಆದರೆ ಹೊರಗೆ ಬೋರ್ಡಿನ ಕೆಳಗಿದ್ದ ಕೊಟ್ರಬಸಪ್ಪನವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು, ಜನಕ್ಕೆ ಬೋರ್ಡು ಹಿಡಿಸಿದೆ ಎಂದೇ ಅವರು ತಿಳಿದಿದ್ದರು. ಪ್ಲಗ್ಗು ಕಳಚಿರಬೇಕೆಂದು ಲಗುಬಗೆಯಿಂದ ಒಳಗೆ ಬಂದು ಮತ್ತೆ ಸಿಕ್ಕಿಸಿಯೇಬಿಟ್ಟರು. ಕರೆಂಟು ಬಂದೊಡನೆ ಪ್ರೋಗ್ರಾಮು ಮೊಟ್ಟಮೊದಲು ಮಾಡುವ ಕೆಲಸ, ಕೆಲಸವಿಲ್ಲದ ಹದಿನಾಲ್ಕೂ ಮಂದಿಯ ಹೆಸರನ್ನು ಮೊದಲಿನಿಂದ ಓದಿ ಹೇಳುವುದು. ಮುರುಗೇಶಪ್ಪನವರು ಶಾಲನ್ನು ಸರಿಮಾಡಿಕೊಂಡು ವೇದಿಕೆಯಿಂದಿಳಿದು, ಜನ ಬಿಟ್ಟ ದಾರಿಯಲ್ಲಿ ನಡೆದು ಹೊರಗೆ ಬರುವುದಕ್ಕೂ, ಅವರ ಹೆಸರು ಬಲಗಡೆಯಿಂದ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅವರು ಪೂರ್ತಿ ಓದಿದರು. ಮೀಟರು ನೋಡುವ ಹಾಗೆ, ಕಣ್ಣು ಪಿಳುಕಿಸದೆ. ಆಮೇಲೆ ಕ್ವಾರ್ಟರ್ಸಿನ ಕಡೆ ನಡೆದರು.

ಕ್ವಾರ್ಟರ್ಸಿನ ಹಾಲಿನಲ್ಲಿ ನೆಂಟರೆಲ್ಲ ಸೇರಿದರು. ರೇಣುಕಾಪ್ರಸಾದ್ ನಡುವೆ ನಿಂತು ಎಲ್ಲವನ್ನೂ ಹೇಳಿದ. ತನಗೆ ಹೆಸರು ನೆನಪಿರದೆ ಇದ್ದದ್ದು, ಡಬ್ಬಿಗಳಿಗೆ ನೆಂಟರ ಹೆಸರಿಟ್ಟದ್ದು, ಕೆಲವು ಡಬ್ಬಿ ಆಮೇಲೆ ಬೇಡವಾದದ್ದು, ಬೇಡವಾದದ್ದು ಡಬ್ಬಿಯೇ ಹೊರತು ಮನುಷ್ಯರಲ್ಲ ಎಂಬುದು. ಹೇಳಿದಷ್ಟೂ ಕೆಟ್ಟಿತು. ನಮ್ಮ ಹೆಸರು ನೆನಪಿರದಷ್ಟು ನಾವು ಕಡೆಯಾ ಎಂದು ತರೀಕೆರೆಯವರು ಕೇಳಿದರು. ಯಾವ ಯಾವ ಹೆಸರು ಮರೆತಿತ್ತು ಎಂದು ಶಿವಯೋಗಪ್ಪನವರು ಕೇಳಿ, ವಿಡಿಯೊ ಲೈಟಿನ ಕಥೆಯನ್ನು ಗೊತ್ತಿಲ್ಲದವರಿಗೂ ಹೇಳಿದರು. ಹಾಲಮ್ಮನವರು ಬಾಗಿಲ ಹತ್ತಿರ ಕುರ್ಚಿ ತುಂಬ ಕೂತಿದ್ದರು.

"ಫುಲ್ ಅಂದ್ರೆ ತುಂಬಿದೆ ಅಂತ ತಾನೇ?" ಎಂದರು. "ಅದಾದ್ರೂ ಆಯ್ತು. ಆಮೇಲೆ ಇನ್ನೊಂದೇನೋ ಬಂತಲ್ಲಪ್ಪ, ಅದಕ್ಕೇನು ಅರ್ಥ?"

ತುಂಬಿ ಹೊರಗೆ ಚೆಲ್ಲಿತು ಎಂದು ಅರ್ಥ. ರೇಣುಕಾಪ್ರಸಾದ್ ಅದನ್ನು ಕನ್ನಡಕ್ಕೆ ತರಲಾರದೆ ನೆಲ ನೋಡಿದ.

ಆಗ ಅತ್ತೆ ದಾಕ್ಷಾಯಣಮ್ಮನವರು ಅಡುಗೆಮನೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದರು. ಅವರ ದುಃಖ ಬೇರೆ. ಎಲ್ಲರ ಹೆಸರೂ ಬಂದಿತ್ತು, ಅವರದೊಂದು ಬಂದಿರಲಿಲ್ಲ. ಇಷ್ಟು ದಿನ ಮಾಡಿ ಹಾಕಿದವಳು ನಾನು, ಬೈಯುವ ಪಟ್ಟಿಯಲ್ಲೂ ನನಗೆ ಜಾಗವಿಲ್ಲವೇ ಎಂದರು. ರೇಣುಕಾಪ್ರಸಾದನಿಗೆ ಮುಳುಗುವವನಿಗೆ ಕಡ್ಡಿ ಸಿಕ್ಕಂತಾಯಿತು.

"ಇಲ್ಲ ಅತ್ತೆ, ನೀವು ಗಡಿಯಾರದ ಡಬ್ಬಿ. ನೀವು ಬಳಕೆಯಲ್ಲಿದ್ದೀರಿ. ಅದಕ್ಕೇ ಬರಲಿಲ್ಲ" ಎಂದುಬಿಟ್ಟ.

ದಾಕ್ಷಾಯಣಮ್ಮನವರ ಮುಖ ಅರಳಿತು. ಉಳಿದ ಹದಿನಾಲ್ಕು ಮುಖಗಳು ಒಟ್ಟಿಗೆ ಮುಚ್ಚಿಕೊಂಡವು. ಬಳಕೆಯಲ್ಲಿರುವವರು ಬಡಿಸಲಿ, ಬಳಕೆಯಲ್ಲಿಲ್ಲದವರು ಬಸ್ಸು ಹಿಡಿಯುತ್ತೇವೆ ಎಂದು ತರೀಕೆರೆಯವರು ಚಪ್ಪಲಿ ಹುಡುಕಿದರು. ಮುರುಗೇಶಪ್ಪನವರು ಎದ್ದು, ಊಟ ಮಾಡ್ಕೊಂಡು ಹೋಗಿ ಎಂದು ಗೋಡೆಗೆ ಹೇಳಿದಂತೆ ಹೇಳಿ ಒಳಕೋಣೆಗೆ ಹೋದರು. ಗಂಧದ ಹಾರ ಟೀವಿಯ ಮೇಲೆ ಇತ್ತು.

ಊರಿಗೆ ಮರಳುವ ಬಸ್ಸಿನಲ್ಲಿ ಸೌಂದರ್ಯ ಮಲವಗೊಪ್ಪ ದಾಟುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ, ನನ್ನ ಹೆಸರು ಯಾವ ಡಬ್ಬಿಗಿಟ್ಟಿದ್ರಿ ಎಂದು ಕೇಳಿದಳು. ಯಾವುದಕ್ಕೂ ಇಲ್ಲ, ಅದನ್ನು ನೆನಪಿಟ್ಟುಕೊಳ್ಳುವ ಅಗತ್ಯವಿರಲಿಲ್ಲ ಎಂದ. ಬೇರೆ ದಿನವಾಗಿದ್ದರೆ ಈ ಮಾತಿಗೆ ಬೆಲೆ ಬರುತ್ತಿತ್ತು.

"ಅಪ್ಪ ನಿನ್ನೆ ಸಂಜೆ ಕೊನೇ ಡ್ಯೂಟಿ ಮುಗಿಸ್ಕೊಂಡು ಬಂದ್ರು" ಎಂದಳು. "ಶೂ ಬಿಚ್ಚದೆ ಹಂಗೇ ಅರ್ಧ ಗಂಟೆ ಕೂತಿದ್ರು ಅಂತ ಅಮ್ಮ ಹೇಳಿದ್ಲು. ಇವತ್ತು ನೀವು ಇದನ್ನ ಮಾಡಿದ್ರಿ."

ಕಂಡಕ್ಟರು ಬಂದು ಚಿಲ್ಲರೆ ಕೊಟ್ಟಾಗ ಅವನು ಅದನ್ನು ತಲೆ ಎತ್ತದೆ ತೆಗೆದುಕೊಂಡ.

ಸೋಮವಾರ ಬೆಳಗ್ಗೆ ಎಂಟಕ್ಕೇ ಅವನು ಕಂಪ್ಯೂಟರಿನ ಮುಂದಿದ್ದ. ಭಾನುವಾರ ನಡೆದದ್ದನ್ನು ಯಾರೋ ಬಿಡಿಸಿ ಹೇಳಿದ್ದರಿಂದ ಕೊಟ್ರಬಸಪ್ಪ ಅವನ ಜೊತೆ ಮಾತು ಬಿಟ್ಟು, ಏನಾದರೂ ಹೇಳಬೇಕಾದರೆ ಬೆಸುಗೆ ಹಾಕುವವಳಿಗೆ ಹೇಳಿ ಅವಳಿಂದ ಹೇಳಿಸುತ್ತಿದ್ದರು. ಡೀಬಗ್ ಸ್ವಿಚ್ಚನ್ನು ತೆಗೆದು ಅವನು ಇಪ್ಪತ್ತೇಳು ಎಚ್ಚರಿಕೆಗಳನ್ನೂ ಈ ಸಲ ಒಂದೊಂದಾಗಿ ಓದಲು ಕೂತ. ಮೂರನೆಯದಕ್ಕೆ ಬಂದಿದ್ದ. ಬಾಗಿಲಲ್ಲಿ ನೆರಳು ಬಿತ್ತು. ತಿರುಗಿದರೆ ಮುರುಗೇಶಪ್ಪನವರು. ಇಸ್ತ್ರಿ ಮಾಡಿದ ಶರಟು, ಕಾಲಲ್ಲಿ ಡ್ಯೂಟಿಯ ಶೂ.

ಅವನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ಅವರು ಅದನ್ನು ಎತ್ತಿ ನಿಲ್ಲಿಸಿ ತಾವೇ ಅದರ ಮೇಲೆ ಕೂತರು. ಎಲ್ಲಿದೆ ತೋರಿಸಿ ಎಂದರು. ಅವನು ನಿಂತುಕೊಂಡೇ ತೋರಿಸಿದ. ಇಂಗ್ಲಿಷ್ ಅಕ್ಷರದಲ್ಲಿ ಅವರ ಹೆಸರು, ಪಕ್ಕದಲ್ಲಿ ಒಂದು ಅರ್ಧವಿರಾಮ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ತೆಗೀರಿ ಎಂದರು. ಕ್ಷಮೆ ಕೇಳಲು ಅವನು ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದ. ಅದನ್ನು ಬಿಟ್ಟು ಒಂದೊಂದೇ ಅಕ್ಷರ ಅಳಿಸಿದ.

"ಈಗ ಅದು ನಡೀತದಾ?" ಎಂದು ಕೇಳಿದರು.

ಹೊಸ ಪ್ರೋಗ್ರಾಮನ್ನು ಚಿಪ್ಪಿಗೆ ಹಾಕಿ, ಚಿಪ್ಪನ್ನು ಗೋಡೆಗೆ ಒರಗಿಸಿದ್ದ ಬೋರ್ಡಿನಲ್ಲಿ ಕೂರಿಸಿ ಹಚ್ಚಿದ. ಅಕ್ಷರಗಳು ಓಡಿದವು.

"ನಡೀತದೆ ಮಾವ."

"ಏನೂ ವ್ಯತ್ಯಾಸ ಇಲ್ಲ?"

ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಇದೆ ಎನ್ನಲು ಬೋರ್ಡು ಬಿಡಲಿಲ್ಲ.

"ಬರೋವಾಗ ಕಾರ್ಖಾನೆ ಗೇಟಿನ ಕಡೆಯಿಂದ ಬಂದೆ" ಎಂದರು ಮುರುಗೇಶ‍ಪ್ಪನವರು. "ಚಿಮಣೀಲಿ ಹೊಗೆ ಬರ್ತಿತ್ತು. ದಿನಾ ಬರೋ ಹಂಗೇ. ಮೊದಲನೇ ಪಾಳಿ ನಂದು ಇವತ್ತು, ಇರ್ಬೇಕಿತ್ತು." ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಮಿಷಿನ್ನು ಬರೆದಿದ್ದು ಸುಳ್ಳೇನಲ್ಲ ಅಳಿಯಂದ್ರೇ. ಒಂದು ದಿನ ಮುಂಚೆ ಹೇಳಿಬಿಡ್ತು ಅಷ್ಟೇ."

ಮುನ್ನೂರು ಜನರ ಮುಂದೆ ನಾಚಿದ್ದಕ್ಕೆ ಹತ್ತು ಪಟ್ಟು ನಾಚಿಕೆ ರೇಣುಕಾಪ್ರಸಾದನಿಗೆ ಈಗ ಆಯಿತು. ಈ ಸಲ ಅದನ್ನು ನೋಡುವವರು ಯಾರೂ ಇರಲಿಲ್ಲ. ಚಹಾ ತರಿಸುತ್ತೇನೆಂದು ಗೊಣಗಿ ಹೊರಗೆ ಹೋಗಿ, ಲೇತಿನ ಹಿಂದೆ ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ.

ಚಹಾ ತಂದಾಗ ಅವರು ಬೋರ್ಡನ್ನು ನೋಡುತ್ತ ಕೂತಿದ್ದರು. ಕುಡಿದ ಮೇಲೂ ನೋಡುತ್ತಿದ್ದರು. ಅವನು ಉಳಿದ ನೆಂಟರನ್ನು ಒಬ್ಬೊಬ್ಬರಾಗಿ ಅಳಿಸುತ್ತ ಹೋದ. ಅವರು ಆ ಕಡೆ ತಿರುಗಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಓಡುವ ಕೆಂಪು ದೀಪಗಳನ್ನು ನೋಡಿದರು. ಬೆಸುಗೆಯವಳು ಎರಡು ಸಲ ಬಗ್ಗಿ ಅವರ ಮುಖ ನೋಡಿ ಹೋದಳು. ಕೊಟ್ರಬಸಪ್ಪನವರೂ ಬಾಗಿಲಿಗೆ ಬಂದು ಅಲ್ಲೇ ನಿಂತರು.

ಒಂದು ಗಂಟೆಗೆ ಮುರುಗೇಶಪ್ಪನವರು ಬೆರಳೆತ್ತಿದರು.

"ಮೇಲಿಂದ ಮೂರನೇ ಸಾಲು. ಎಡದಿಂದ ಒಂಬತ್ತನೇ ದೀಪ" ಎಂದರು. "ಪ್ರತಿ ನಲವತ್ತು ಸುತ್ತಿಗೆ ಒಂದ್ಸಲ ತಡವಾಗಿ ಹತ್ತುತ್ತೆ."

ಹಾಗೇನೂ ಇಲ್ಲ ಎಂದು ರೇಣುಕಾಪ್ರಸಾದ್ ಹೇಳುವವನಿದ್ದ. ಹೇಳಲಿಲ್ಲ, ಅಷ್ಟು ಬುದ್ಧಿ ಆ ಎರಡು ದಿನದಲ್ಲಿ ಬಂದಿತ್ತು. ಅವರ ಪಕ್ಕ ನೆಲದ ಮೇಲೆ ಕೂತು ಎಣಿಸಿದ. ನಲವತ್ತನೆಯ ಸುತ್ತಿಗೆ ಆ ದೀಪ ಒಂದು ಚೂರು ತಡಮಾಡಿ ಹತ್ತಿತು. ಒಂದು ವರ್ಷದಿಂದ ಆ ಪ್ರೋಗ್ರಾಮನ್ನು ದಿನಾ ನೋಡುತ್ತಿದ್ದವನು ಅವನು, ಒಮ್ಮೆಯೂ ಕಂಡಿರಲಿಲ್ಲ. ತಪ್ಪು ದೀಪದ್ದಲ್ಲ, ತನ್ನ ಲೆಕ್ಕದ್ದೇ ಎಂಬುದೂ ಹೊಳೆಯಿತು. ಮಾವನೆದುರು, ಮಾಲೀಕರೆದುರು, ಬೆಸುಗೆಯವಳೆದುರು ಅವನ ತಲೆ ಮತ್ತೆ ತಗ್ಗಿತು.

ಬಾಗಿಲಲ್ಲಿ ನಿಂತಿದ್ದ ಕೊಟ್ರಬಸಪ್ಪ ಆ ನಲವತ್ತು ಸುತ್ತನ್ನೂ ಎಣಿಸಿದ್ದರು. ಭದ್ರಾವತಿಗೆ ಬೋರ್ಡು ಹೋಗುವ ಮೊದಲು ಹೀಗೆ ನೋಡುವವರೊಬ್ಬರು ತಮ್ಮಲ್ಲಿ ಇರಲಿಲ್ಲವಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಒಳಗೆ ಬಂದು, ಅಳಿಯನನ್ನು ದಾಟಿ, ಮಾವನವರ ಎದುರು ನಿಂತರು.

"ಯಜಮಾನ್ರೇ, ನಾಳೇನೂ ಬರ್ತೀರಾ?" ಎಂದು ಕೇಳಿದರು.

ಮುರುಗೇಶಪ್ಪನವರು ಬೋರ್ಡಿನಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟು ಗಂಟೆಗೆ?" ಎಂದರು.